ಪಂಪಕ್ಕನಿಗೆ ಒಣನೆಲ

ಸ್ಮಶಾನದ ಕಾವಲುಗಾರ ಕೋಲನ್ನು ಗುಂಡಿಯ ತಳದವರೆಗೆ ಇಳಿಸಿ ಮೇಲಕ್ಕೆಳೆದ. ಒದ್ದೆಯಾದ ಭಾಗವನ್ನು ತನ್ನ ಕಾಲಿಗೆ ಒತ್ತಿ ಹಿಡಿದು ನೋಡಿದ. ಮೊಣಕಾಲಿಗಿಂತ ನಾಲ್ಕು ಬೆರಳು ಮೇಲಕ್ಕೇ ಬಂದಿತ್ತು.

"ಬೆಳಗ್ಗೆ ಅಗೆದಾಗ ಒಂದು ಹನಿ ಇರ್ಲಿಲ್ಲ," ಎಂದ, ಯಾರೂ ಕೇಳದಿದ್ದರೂ. "ಮೂರು ದಿನದ ಮಳೆ. ಪಕ್ಕದ ಮಣ್ಣಿಂದ ಒಸರ್ತಾ ಇದೆ. ನಾನೇನು ಮಾಡ್ಲಿ ಹೇಳಿ?"

ಸುತ್ತ ನಿಂತಿದ್ದ ನಲವತ್ತು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಅರ್ಧಕ್ಕರ್ಧ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರು. ಪಾಳಿಯ ನಡುವೆಯೇ ಎದ್ದು ಬಂದಿದ್ದರಿಂದ ಒಗೆದೊಗೆದು ಮಾಸಿದ ನೀಲಿ ಅಂಗಿಯಲ್ಲೇ ಇದ್ದರು. ಗೇಟಿನ ಹತ್ತಿರ ವ್ಯಾನು ನಿಂತಿತ್ತು. ಅದರೊಳಗಿನ ಪೆಟ್ಟಿಗೆಯಲ್ಲಿ ಪಂಪಕ್ಕ ಇದ್ದಳು.

ಕಾರ್ಖಾನೆಯ ಹಿಂಭಾಗದ ಕೆಸರುಕೋಣೆಯಲ್ಲಿ ಇಪ್ಪತ್ತಾರು ವರ್ಷ ಪಂಪು ನಡೆಸಿದವಳನ್ನು ಊರು ಇನ್ನೇನಂತ ಕರೆದೀತು? ಕೆಲಸದಿಂದ ನಿವೃತ್ತಿಯಾಗಿ ಮೂರು ವರ್ಷವಾಗಿದ್ದರೂ ಆ ಹೆಸರು ಹೋಗಿರಲಿಲ್ಲ. ಮೊನ್ನೆ ಮಧ್ಯಾಹ್ನ ಒಗೆದ ಬಟ್ಟೆ ಮಡಚುತ್ತ ಕೂತಿದ್ದವಳು, ಗಂಡನ ಅಂಗಿಯ ಒಂದು ತೋಳು ಮಡಚಿ, ಇನ್ನೊಂದಕ್ಕೆ ಕೈ ಹಾಕುವ ಮೊದಲೇ ಹೋಗಿಬಿಟ್ಟಿದ್ದಳು.

"ಬಕೆಟ್ಟಲ್ಲಿ ತೋಡಿ ಹಾಕೋಣ," ಎಂದು ಯಾರೋ ಅಂದರು.

"ಒಳಗೆ ಇಳಿದ್ರೆ ಪಕ್ಕ ಕುಸಿಯತ್ತೆ. ಆಮೇಲೆ ನಿಮ್ಮನ್ನೂ ಎತ್ತಬೇಕಾಗತ್ತೆ," ಎಂದ ಕಾವಲುಗಾರ. ಆಮೇಲೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಮಗಳ ಕಡೆ ತಿರುಗಿ ದನಿ ತಗ್ಗಿಸಿದ. "ಮಳೆಗಾಲದಲ್ಲಿ ಕೆಲವರು ಹಾಗೇ ಇಳಿಸಿಬಿಡ್ತಾರಮ್ಮ. ಪೆಟ್ಟಿಗೆ ಸ್ವಲ್ಪ ಹೊತ್ತು ತೇಲತ್ತೆ, ಅಷ್ಟೇ. ಮೇಲೆ ಎರಡು ಕಲ್ಲು ಇಟ್ರೆ ಕೂತ್ಕೊಳ್ಳತ್ತೆ."

"ನಮ್ಮಮ್ಮನ ಮೇಲೆ ಕಲ್ಲು ಇಡೋದು ಬೇಡ," ಎಂದಳು ಮಗಳು. ಬೆಳಗಿನಿಂದ ಅವಳು ಆಡಿದ ಮೊದಲ ಪೂರ್ತಿ ಮಾತು ಅದು.

"ಹಾಗಾದ್ರೆ ನಾಳೆ..."

"ನಾಳೆ ನೀರು ಹೋಗತ್ತಾ?"

ಕಾವಲುಗಾರ ಆಕಾಶ ನೋಡಿದ.  "ಷೆಡ್ಡಲ್ಲಿ ಒಂದು ಪಂಪ್ ಇದೆ. ಇದಕ್ಕೆ ಅಂತಲೇ ಕೊಟ್ಟಿದ್ದು. ಆದ್ರೆ ಎರಡು ವರ್ಷದಿಂದ ಸದ್ದು ಮಾಡತ್ತೆ, ನೀರು ಎತ್ತಲ್ಲ. ಸದ್ದೇನೋ ಭರ್ಜರಿ."

"ಎಂಥ ಪಂಪ್?" ಎಂದು ಕೇಳಿದವನು ಕಾರ್ಖಾನೆಯ ಫೋರ್ಮನ್. ಐವತ್ತು ದಾಟಿದ ದೊಡ್ಡಾಳು, ಎಡ ಹುಬ್ಬಿನ ಅರ್ಧದಲ್ಲಿ ಕೂದಲಿರಲಿಲ್ಲ.

"ಕರೆಂಟಿಂದು. ಮೇಲೆ ಮೋಟರು, ಕೆಳಗೆ ರಬ್ಬರ್ ತಟ್ಟೆ. ಡಬ್ ಡಬ್ ಅನ್ನತ್ತಲ್ಲ, ಅದು."

ನೀಲಿ ಅಂಗಿಯವರೆಲ್ಲ ಒಟ್ಟಿಗೇ ತಲೆಯೆತ್ತಿದರು.

"ಡಯಾಫ್ರಾಮ್ ಪಂಪು," ಎಂದ ಫೋರ್ಮನ್. ಗುಂಡಿಯನ್ನೊಮ್ಮೆ, ವ್ಯಾನನ್ನೊಮ್ಮೆ ನೋಡಿ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡ. "ಷೆಡ್ಡು ಎಲ್ಲಿದೆ ತೋರಿಸಿ."

*

ಇಪ್ಪತ್ತೊಂಬತ್ತು ವರ್ಷದ ಹಿಂದೆ ಪಂಪಕ್ಕನ ಕೈಯಲ್ಲಿದ್ದದ್ದು ಪೊರಕೆ. ಬಣ್ಣ ಹಾಕಿ ಮಿಕ್ಕ ನೀರು ತೊಟ್ಟಿಯಲ್ಲಿ ನಿಂತು, ತಳದಲ್ಲಿ ಗಟ್ಟಿ ಕೆಸರಾಗುತ್ತಿತ್ತು. ಆ ಕೆಸರನ್ನು ಎತ್ತಲು ಇದ್ದ ಹಳೆಯ ಪಂಪು ವಾರಕ್ಕೆರಡು ಸಲ ಕಟ್ಟಿಕೊಳ್ಳುತ್ತಿತ್ತು. ಕಟ್ಟಿಕೊಂಡಾಗಲೆಲ್ಲ ನೆಲಕ್ಕೆ ಚೆಲ್ಲಿದ್ದನ್ನು ಗುಡಿಸುವುದು ಅವಳ ಕೆಲಸ.

ಹೊಸ ಪಂಪು ಬಂತು. ಕೂರಿಸಲು ಬಂದವನು ಮೂರು ದಿನ ಇದ್ದು, ಇಬ್ಬರು ಎಂಜಿನಿಯರರಿಗೆ ಎಲ್ಲ ವಿವರಿಸಿ ಹೋದ. ಅವಳು ಅವರ ಕಾಲಬುಡದಲ್ಲೇ ಗುಡಿಸುತ್ತಿದ್ದಳು. ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಐದನೆಯ ವಾರ ಪಂಪು ಓಡುತ್ತಿದ್ದಂತೆಯೇ ಕೆಸರು ಬರುವುದು ನಿಂತಿತು. ಎಂಜಿನಿಯರರು ಮೋಟರು ಬಿಚ್ಚಿದರು, ಜೋಡಿಸಿದರು, ಮತ್ತೆ ಬಿಚ್ಚಲು ಹೊರಟರು.

"ಸಾರ್, ಮೋಟರಲ್ಲ," ಎಂದಳು ಅವಳು. "ಇದು ಒಂದು ಸಲ ಎಳೆದು ನೂಕಿದ್ರೆ ಎರಡು ಟಕ್ ಅನ್ಬೇಕು. ಕೆಳಗಿನ ಗುಂಡು ಕೂರೋವಾಗ ಒಂದು, ಮೇಲಿಂದು ಕೂರೋವಾಗ ಒಂದು. ಇವತ್ತು ಒಂದೇ ಕೇಳ್ತಿದೆ. ಕೆಳಗಿನ ಗುಂಡು ಕೂರ್ತಿಲ್ಲ."

ಒಬ್ಬ ನಕ್ಕ. ಇನ್ನೊಬ್ಬ ನಗಲಿಲ್ಲ. ಕೆಳಗಿನ ಮುಚ್ಚಳ ಬಿಚ್ಚಿಸಿದ. ಗುಂಡಿನ ಕೆಳಗೆ ಹೆಬ್ಬೆರಳು ಗಾತ್ರದ ನೂಲಿನ ಗಂಟೊಂದು ಸಿಕ್ಕಿಕೊಂಡಿತ್ತು. ಸೋಮವಾರ ಅವಳು ಕೆಲಸಕ್ಕೆ ಬಂದಾಗ ಪೊರಕೆಯ ಜಾಗದಲ್ಲಿ ಸ್ಪ್ಯಾನರ್ ಇತ್ತು.

ಪಂಪಿನ ಪುಸ್ತಕ ಅರವತ್ತು ಪುಟದ್ದು. ಅವಳಿಗೆ ಓದು ನಿಧಾನ. ಸಂಜೆ ಟೈಲರ್ ಗಂಡ ಮೆಷಿನ್ ತುಳಿಯುತ್ತ ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಿದ್ದ. ಅವಳು ಪಾತ್ರೆ ಉಜ್ಜುತ್ತ, "ಅದನ್ನೇ ಇನ್ನೊಂದ್ಸಲ ಓದ್ರೀ," ಎನ್ನುತ್ತಿದ್ದಳು. ಏಳು ವರ್ಷದ ಮಗಳು ಪಂಪು ಅಂದರೇನು ಎಂದು ಕೇಳಿದಾಗ ತುಟಿ ಬಿಗಿದು, ಎರಡು ಕೆನ್ನೆಯನ್ನೂ ಒಳಗೆ ಎಳೆದು, ಮತ್ತೆ ಬಲೂನಿನಂತೆ ಊದಿಸಿ ತೋರಿಸಿದಳು. "ನೋಡು, ಕೆನ್ನೆ ಇದೆಯಲ್ಲ, ಅದೇ ರಬ್ಬರ್ ತಟ್ಟೆ. ಮೋಟರು ಅದನ್ನ ಹಿಂದಕ್ಕೆ ಎಳೆದ್ರೆ ಒಳಗೆ ಜಾಗ ಆಗತ್ತೆ, ಕೆಸರು ಬರತ್ತೆ. ಮುಂದಕ್ಕೆ ನೂಕಿದ್ರೆ ಆಚೆ ಹೋಗತ್ತೆ. ಬಂದ ದಾರೀಲೇ ವಾಪಸ್ ಹೋಗದ ಹಾಗೆ ಗುಂಡು ಬಾಗಿಲು ಕಾಯತ್ತೆ. ಅಷ್ಟೇ ಕಣೆ."

ಟೈಲರನ ಅಕ್ಕ ಅಂದು ಮನೆಯಲ್ಲಿದ್ದಳು. "ಅದು ಗಂಡಸರು ಮಾಡೋ ಕೆಲಸ ಅಲ್ವೇನೆ?" ಎಂದಳು.

"ನಾನು ಹೆಂಗಸು ಅಂತ ಅದಕ್ಕೆ ಗೊತ್ತಿಲ್ಲ ಅತ್ತಿಗೆ," ಎಂದಳು ಅವಳು. "ನೀವೂ ಹೇಳೋಕೆ ಹೋಗ್ಬೇಡಿ."

*

ಷೆಡ್ಡಿನಿಂದ ನಾಲ್ಕು ಜನ ಪಂಪನ್ನು ಹೊತ್ತು ತಂದರು. ತುಕ್ಕು, ಜೇಡರ ಬಲೆ, ಒಣಗಿದ ಮಣ್ಣು. ಫೋರ್ಮನ್ ಅದನ್ನು ಹಲಗೆಯ ಮೇಲೆ ಇಡಿಸಿದ. ಕರೆಂಟಿನ ವಯರಿನ ಜೋಡಣೆ ಒದ್ದೆ ನೆಲ ಮುಟ್ಟದಂತೆ ಮರದ ಕೊಂಬೆಗೆ ಕಟ್ಟಿಸಿದ. ಆಮೇಲೆ ಪ್ಲಗ್ಗನ್ನು ತಂದು ಮಗಳ ಅಂಗೈಯಲ್ಲಿಟ್ಟ.

"ಇದು ನಿನ್ನ ಹತ್ರ ಇರ್ಲಿ ತಾಯಿ. ನಮ್ಮ ಕೈ ಒಳಗಿರೋವರೆಗೂ ಯಾರು ಕೇಳಿದ್ರೂ ಕೊಡ್ಬೇಡ. ನಾನು ಕೇಳಿದ್ರೂ ಕೊಡ್ಬೇಡ."

"ನಂಗೆ ಇದೆಲ್ಲ ಗೊತ್ತಾಗಲ್ಲ."

"ಗೊತ್ತಾಗೋಕೆ ಏನೂ ಇಲ್ಲ. ಬಿಗಿಯಾಗಿ ಹಿಡ್ಕೊಂಡಿರು."

ಅವಳು ಹಿಡಿದುಕೊಂಡಳು. ಶಾಲೆಗೆ ಹೋಗುವಾಗ ಅಮ್ಮ ಆಫೀಸಿನಲ್ಲಿದ್ದಾಳೆ ಎಂದು ಗೆಳತಿಯರಿಗೆ ಹೇಳುತ್ತಿದ್ದವಳು ಅವಳು. ಅಮ್ಮನ ಉಗುರಿನ ಸಂದಿಯಲ್ಲಿ ಒಂದು ದಿನ ನೀಲಿ, ಒಂದು ದಿನ ಕೆಂಪು ಇರುತ್ತಿತ್ತು. ಶಾಲೆಯ ಗೇಟಿಗೆ ಬಂದಾಗ ಅಮ್ಮ ತಾನಾಗಿಯೇ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತಿದ್ದಳು. ಅದರ ಬಗ್ಗೆ ತಾಯಿ ಮಗಳು ಎಂದೂ ಮಾತಾಡಿರಲಿಲ್ಲ.

"ಹೊರಗಿಂದ ಒಳಗೆ," ಎಂದ ಫೋರ್ಮನ್ ತನ್ನವರಿಗೆ. ಹೇಳಬೇಕಾಗಿಯೇ ಇರಲಿಲ್ಲ. ಒಬ್ಬ ಆಗಲೇ ಕೊಳವೆಯ ತುದಿಯ ಜಾಲರಿ ಬಿಚ್ಚಿ, ಸಿಕ್ಕಿಕೊಂಡಿದ್ದ ಬೇರು ಕೀಳುತ್ತಿದ್ದ. ಇನ್ನೊಬ್ಬ ಕೊಳವೆಯುದ್ದಕ್ಕೂ ಬೆರಳಾಡಿಸಿ ಸೀಳು ಹುಡುಕುತ್ತಿದ್ದ. ಮೂರನೆಯವನು ಗುಂಡುಗಳ ಮುಚ್ಚಳ ತೆಗೆದು, ಒಂದರ ಕೆಳಗಿದ್ದ ಕಡಲೆಗಾತ್ರದ ಕಲ್ಲನ್ನು ಕಾವಲುಗಾರನಿಗೆ ತೋರಿಸಿದ.

"ಎರಡು ವರ್ಷ ಈ ಕಲ್ಲಿಗೋಸ್ಕರ ನನ್ನ ಮರ್ಯಾದೆ ಹೋಯ್ತಾ?" ಎಂದ ಕಾವಲುಗಾರ.

"ತಡಿಯಪ್ಪ, ಇನ್ನೂ ಏನೇನಿದೆಯೋ." ಫೋರ್ಮನ್ ಮಗಳ ಕಡೆ ಕೈ ಚಾಚಿದ. "ಪ್ಲಗ್ ಕೊಡಮ್ಮ, ಓಡಿಸಿ ನೋಡೋಣ."

ಅವಳು ಕೊಡಲಿಲ್ಲ. "ಎಲ್ಲರೂ ಕೈ ತೋರಿಸಿ," ಎಂದಳು.

ಮೂವರೂ ತಕ್ಷಣ ಎರಡೆರಡು ಕೈ ಮೇಲೆತ್ತಿದರು. ಗುಂಪಿನಲ್ಲಿ ಯಾರೋ ನಕ್ಕರು. ಅಂದು ಬೆಳಗಿನಿಂದ ಯಾರೂ ನಕ್ಕಿರಲಿಲ್ಲ. ಫೋರ್ಮನ್ ನಗದೆ, "ನಿಮ್ಮಮ್ಮನ ಮಗಳೇ ಸರಿ," ಎಂದು ಪ್ಲಗ್ ತೆಗೆದುಕೊಂಡು ಹೋದ.

ಮೋಟರು ಗುಂಯ್ ಎಂದಿತು. ಮೇಲಿನ ಸರಳು ಏರಿತು, ಇಳಿಯಿತು. ಕೊಳವೆ ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು. ನೀರಿಲ್ಲ. ಫೋರ್ಮನ್ ಮೊಣಕಾಲೂರಿ, ಪಂಪಿಗೆ ತುಸು ದೂರದಲ್ಲಿ ಕಿವಿ ಇಟ್ಟು ಕೇಳಿದ. ಸರಳು ಏರಿದಾಗಲೆಲ್ಲ ಸಣ್ಣಗೆ ಸುಯ್ ಎನ್ನುತ್ತಿತ್ತು.

"ಉಸಿರು ಸೋರ್ತಿದೆ. ತಟ್ಟೆ ಹರಿದಿದೆ." ಪ್ಲಗ್ ಮತ್ತೆ ಮಗಳ ಕೈಗೆ ಬಂತು.

ಎಂಟು ಬೋಲ್ಟು ಬಿಚ್ಚಿ ಕಬ್ಬಿಣದ ಬಳೆ ಎತ್ತಿದರೆ ನಿಜವಾಗಿಯೂ ಹಾಗೇ ಇತ್ತು. ತಟ್ಟೆಯ ಅಂಚಿನಲ್ಲಿ ಅರ್ಧಚಂದ್ರದ ಸೀಳು. ಕಾರ್ಖಾನೆಯ ತಟ್ಟೆ ತಂದರೆ ಇದರ ಎರಡರಷ್ಟಾಗುತ್ತದೆ. ಅಂಗಡಿಯಲ್ಲಿ ಸಿಗುವುದಾದರೂ ನಾಳೆ ಸಿಕ್ಕೀತು.  ಗುಂಡಿಯ ಪಕ್ಕದಿಂದ ಮಣ್ಣಿನ ಹೆಂಟೆಯೊಂದು ಜಾರಿ ಗುಳುಂ ಎಂದು ನೀರಿಗೆ ಬಿತ್ತು.

"ಲಾರಿ ಟ್ಯೂಬ್ ಆದ್ರೆ ಆಗತ್ತಾ?" ಎಂದ ವ್ಯಾನಿನ ಡ್ರೈವರ್. ಅಲ್ಲಿಯವರೆಗೂ ಅವನು ಸ್ಟೇರಿಂಗಿಗೆ ಒರಗಿ ಗಡಿಯಾರ ನೋಡಿಕೊಳ್ಳುತ್ತಿದ್ದ. "ಸಾಮಾನು ಕಟ್ಟೋಕೆ ಒಂದು ತುಂಡು ಇಟ್ಕೊಂಡಿದೀನಿ. ಅಗಲ ಇದೆ, ದಪ್ಪಾನೂ ಇದೆ."

ಫೋರ್ಮನ್ ಅದನ್ನು ಎಳೆದು, ಮಡಚಿ, ಬೆಳಕಿಗೆ ಹಿಡಿದು ನೋಡಿದ. "ಕಾರ್ಖಾನೇಲಿ ಇದನ್ನ ಹಾಕಿದ್ರೆ ಪಂಪಕ್ಕ ನನ್ನ ಕೈ ಮುರೀತಿದ್ರು. ಇಲ್ಲಿ ಬರೀ ಕೆಸರು ನೀರು, ಒತ್ತಡ ಇಲ್ಲ. ಒಂದು ಗಂಟೆ ಹಿಡಿದ್ರೆ ಸಾಕು. ಆದ್ರೆ ಗುಂಡಗೆ ಕತ್ತರಿಸ್ಬೇಕು. ಅಂಚು ಒಂಚೂರು ವಾರೆ ಆದ್ರೂ ಗಾಳಿ ಎಳೆಯತ್ತೆ."

"ಇಲ್ಲಿ ಕೊಡಿ."

ಎಲ್ಲರೂ ತಿರುಗಿ ನೋಡಿದರು. ವ್ಯಾನಿನ ಬಾಗಿಲ ಹತ್ತಿರ ಒಂದು ಕೈಯನ್ನು ಪೆಟ್ಟಿಗೆಯ ಮೇಲಿಟ್ಟು ಅಷ್ಟು ಹೊತ್ತೂ ನಿಂತಿದ್ದ ಟೈಲರ್ ಬಂದಿದ್ದ. ಮನೆಯಿಂದ ಹೊರಟಾಗಿನಿಂದ ಅವನು ಒಂದೇ ಒಂದು ಪ್ರಶ್ನೆ ಕೇಳಿದ್ದ, ಅದೂ ನೀಲಿ ಅಂಗಿಗಳನ್ನು ನೋಡಿ: "ನೀವೆಲ್ಲ ಇಲ್ಲಿದ್ರೆ ಅಲ್ಲಿ ಪಂಪ್ ಹತ್ರ ಯಾರಿದ್ದಾರೆ?" ನಿಲ್ಲಿಸಿ ಬಂದಿದ್ದೇವೆ ಅಂದಮೇಲೇ ಅವನಿಗೆ ಸಮಾಧಾನವಾಗಿತ್ತು.

ಈಗ ಅವನು ಅಂಗಿಯ ಜೇಬಿನಿಂದ ಸೀಮೆಸುಣ್ಣದ ಚೂರನ್ನೂ ಸಣ್ಣ ಕತ್ತರಿಯನ್ನೂ ತೆಗೆದ. ಹೆಂಡತಿಯ ಮಣ್ಣಿಗೆ ಬರುವ ಅಂಗಿಯಲ್ಲೂ ಅವು ಇದ್ದವು; ನಲವತ್ತು ವರ್ಷದ ಅಭ್ಯಾಸ. ಟ್ಯೂಬನ್ನು ಹಲಗೆಯ ಮೇಲೆ ಹಾಸಿ, ಹರಿದ ತಟ್ಟೆಯನ್ನು ಅದರ ಮೇಲಿಟ್ಟು ಸುತ್ತ ಗೆರೆ ಎಳೆದ.

"ಹೊಲಿಗೆಗೆ ಎಷ್ಟು ಬಿಡ್ಲಿ?"

"ಬಿಡೋದು ಬೇಡ ಟೈಲರಣ್ಣ. ಗೆರೆ ಮೇಲೇ ಬರ್ಲಿ."

"ಇಪ್ಪತ್ತಾರು ವರ್ಷ ಅವಳ ಏಪ್ರನ್ ಕತ್ತರಿಸಿದೀನಿ. ಒಂದ್ಸಲನೂ ಸರಿ ಇದೆ ಅನ್ಲಿಲ್ಲ. ಜೇಬು ಎರಡು ಬೆರಳು ಕೆಳಗಿರ್ಬೇಕು, ಸ್ಪ್ಯಾನರ್ ಬಗ್ಗಿದಾಗ ಬೀಳತ್ತೆ ಅನ್ನೋಳು." ಕತ್ತರಿಯ ಬಾಯಿಗೆ ಕಾವಲುಗಾರ ತಂದುಕೊಟ್ಟ ಸೋಪಿನ ನೀರು ಸವರಿ, ಉಸಿರು ಬಿಗಿಹಿಡಿದು, ಎಲ್ಲೂ ನಿಲ್ಲಿಸದೆ ಒಂದೇ ಸುತ್ತಿನಲ್ಲಿ ಕತ್ತರಿಸಿದ. ರಬ್ಬರು ಪೂರ್ಣಚಂದ್ರನಂತೆ ಬಿಡಿಯಾಗಿ ಬಂತು.

ಬೋಲ್ಟಿನ ತೂತುಗಳಿಗೆ ಕಾವಲುಗಾರ ಒಂದು ಸಣ್ಣ ಪೈಪಿನ ತುಂಡು ಕೊಟ್ಟ. ಅದರ ಬಾಯಿಯನ್ನು ಗುರುತಿನ ಮೇಲಿಟ್ಟು ಸುತ್ತಿಗೆಯಿಂದ ಒಂದೊಂದೇ ಏಟು. ಎಂಟು ತೂತು ಸುತ್ತಲೂ, ಒಂದು ನಡುವೆ.

ಫೋರ್ಮನ್ ಒಂದು ಬೋಲ್ಟು ಬಿಗಿದು ಅದರ ಎದುರಿನದಕ್ಕೆ ಹೋದ. ಆಮೇಲೆ ಅಡ್ಡಕ್ಕೆ, ಅದರ ಎದುರಿಗೆ. ಪ್ರತಿಯೊಂದಕ್ಕೂ ಸ್ವಲ್ಪ ಸ್ವಲ್ಪವೇ. ಅಷ್ಟರಲ್ಲಿ ತುಂತುರು ಶುರುವಾಯಿತು. ಟೈಲರನ ಅಕ್ಕ ಕೊಡೆ ಬಿಚ್ಚಿಕೊಂಡು ಹತ್ತಿರ ಬಂದಳು.

"ಇದೇನಪ್ಪ, ಎಲ್ಲ ಆಯ್ತಲ್ಲ, ಇನ್ನೂ ಆ ಹುಡುಗಿ ಕೈಲಿ ಪ್ಲಗ್ ಕೊಟ್ಟು ನಿಲ್ಲಿಸಿದೀಯಲ್ಲ. ಅಲ್ಲೇ ಗೋಡೆ ಹತ್ರ ಇಟ್ಟಿದ್ರೆ ಏನಾಗ್ತಿತ್ತು?"

ಫೋರ್ಮನ್ ಸ್ಪ್ಯಾನರ್ ನಿಲ್ಲಿಸಿದ. ಕೂದಲಿಲ್ಲದ ಹುಬ್ಬನ್ನು ಮಣಿಕಟ್ಟಿನಿಂದ ಒರೆಸಿಕೊಂಡ.

"ಏನಾಗತ್ತೆ ಅಂತ ನಂಗೆ ಗೊತ್ತಮ್ಮ," ಎಂದ.

*

ಹದಿನೇಳು ವರ್ಷದ ಹಿಂದೆ ಅವನು ಪಂಪಕ್ಕನ ಕೈಕೆಳಗೆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಕೆಸರಿಗೆ ಕಾಸ್ಟಿಕ್ ದ್ರಾವಣ ಬೆರೆಸಲು ಕೋಣೆಯ ಮೂಲೆಯಲ್ಲಿ ಇನ್ನೊಂದು ಚಿಕ್ಕ ಡಯಾಫ್ರಾಮ್ ಪಂಪು ಇತ್ತು. ಆ ದ್ರಾವಣ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತೆಂದೇ ಲೆಕ್ಕ. ಅದನ್ನು ಬಿಚ್ಚುವ ಮೊದಲು ಸ್ವಿಚ್ಚು ಆರಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಬಿಚ್ಚುವವನೇ ಜೇಬಿನಲ್ಲಿಟ್ಟುಕೊಳ್ಳಬೇಕು; ಒತ್ತಡ ಇಳಿಸಬೇಕು; ಕನ್ನಡಕ ಹಾಕಿರಬೇಕು. ಪಂಪಕ್ಕ ಮೂರು ಸಲ ಹೇಳಿಕೊಟ್ಟಿದ್ದಳು. ಮೂರು ಸಲವೂ ಅವನು ಹೂಂ ಅಂದಿದ್ದ.

ಅಂದು ಮಧ್ಯಾಹ್ನ ಕೊಳವೆಯ ಜೋಡಣೆಯಲ್ಲಿ ಸೋರಿಕೆ ಕಂಡಿತು. ಎರಡು ನಿಮಿಷದ ಕೆಲಸ. ಸ್ವಿಚ್ಚು ಮಾತ್ರ ಆರಿಸಿದ; ಬೀಗ ಯಾಕೆ ಅಂದುಕೊಂಡ. ಬೆವರಿಗೆ ಮಂಜಾಗುತ್ತಿದ್ದ ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡ. ಜೋಡಣೆ ಸಡಿಲಿಸುವ ಹೊತ್ತಿಗೆ ಆಚೆ ಕೋಣೆಯಲ್ಲಿದ್ದವನೊಬ್ಬ ಪಂಪು ನಿಂತಿದೆಯಲ್ಲ ಎಂದು ಸ್ವಿಚ್ಚು ಒತ್ತಿದ.

ಮುಖದ ಮೇಲೆ ಬೆಂಕಿ ಎರಚಿದಂತಾಯಿತು. ಅವನು ಕಿರುಚಿಕೊಂಡು ಬಾಗಿಲ ಕಡೆ ಓಡಿದ. ಬಾಗಿಲು ಆ ಕಡೆ ಇರಲಿಲ್ಲ. ಗೋಡೆಗೆ ಬಡಿದುಕೊಂಡವನ ಕುತ್ತಿಗೆಪಟ್ಟಿಗೆ ಒಂದು ಕೈ ಬಿತ್ತು. ಅವನ ಅರ್ಧದಷ್ಟು ತೂಕವೂ ಇಲ್ಲದ ಹೆಂಗಸು ಅವನನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ತಲೆ ಒತ್ತಿ ಹಿಡಿದಳು.

"ಆಸ್ಪತ್ರೆ! ಆಸ್ಪತ್ರೆಗೆ ಕರ್ಕೊಂಡು ಹೋಗಿ!"

"ಹೋಗೋಣ. ಮೊದಲು ನೀರು. ಕಣ್ಣು ಬಿಡು."

"ಬಿಡಕ್ಕಾಗಲ್ಲ ಅಕ್ಕಾ!"

"ಆಗತ್ತೆ. ನಾನು ಬಿಡಿಸ್ತೀನಿ."

ಬೆರಳಿನಿಂದ ರೆಪ್ಪೆ ಬಿಡಿಸಿ ಹಿಡಿದಳು. ಅವನು ಒದ್ದಾಡಿದ, ಬೈದ, ಮೊಣಕೈಯಿಂದ ತಿವಿದ. ಒಮ್ಮೆ ತಲೆಯನ್ನು ಜೋರಾಗಿ ಹಿಂದಕ್ಕೆ ಎತ್ತಿದಾಗ ಅವಳ ಬಲಗೈಯ ಕಿರುಬೆರಳು ಅವನ ತಲೆಗೂ ಕಬ್ಬಿಣದ ನಲ್ಲಿಗೂ ನಡುವೆ ಸಿಕ್ಕಿ ಲಟಕ್ಕೆಂದಿತು. ಆ ಸದ್ದು ಅವನಿಗೂ ಕೇಳಿಸಿತ್ತು. ಅವಳು ಕೈ ತೆಗೆಯಲಿಲ್ಲ. ಗೋಡೆಯ ಗಡಿಯಾರ ನೋಡುತ್ತ ಗಟ್ಟಿಯಾಗಿ ನಿಮಿಷ ಎಣಿಸಿದಳು. "ಹನ್ನೊಂದು ಆಯ್ತು. ಇನ್ನೊಂದು ಒಂಬತ್ತು. ಹನ್ನೆರಡು ಆಯ್ತು ಕಣಪ್ಪ, ಇನ್ನು ಎಂಟೇ." ಇಪ್ಪತ್ತು ಆಗುವವರೆಗೆ ಆಂಬುಲೆನ್ಸಿನವರಿಗೂ ಅವನನ್ನು ಬಿಟ್ಟುಕೊಡಲಿಲ್ಲ.

ಆ ಇಪ್ಪತ್ತು ನಿಮಿಷ ಇಲ್ಲದಿದ್ದರೆ ಎರಡೂ ಕಣ್ಣು ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಹೋದದ್ದು ಅರ್ಧ ಹುಬ್ಬು.

ವಿಚಾರಣೆಗೆ ಕರೆದಾಗ ಅವಳು ಕಿರುಬೆರಳಿಗೆ ಪಟ್ಟಿ ಕಟ್ಟಿಕೊಂಡು ಹೋಗಿ, "ಬೀಗದ ವಿಷಯ ನಾನು ಸರಿಯಾಗಿ ಕಲಿಸಿರ್ಲಿಲ್ಲ ಸಾರ್," ಎಂದಳು. ಪಾಳಿಯ ಮುಖ್ಯಸ್ಥೆಯ ಸ್ಥಾನದಿಂದ ಅವಳನ್ನು ಒಂದು ವರ್ಷ ಇಳಿಸಿದರು. ಅವನ ಕೆಲಸ ಉಳಿಯಿತು.

*

"ಬೈಯ್ಲಿಲ್ಲಮ್ಮ," ಎಂದು ಆ ಕತೆ ಮುಗಿಸಿದ ಫೋರ್ಮನ್, ಮಗಳನ್ನು ನೋಡದೆ, ಬೋಲ್ಟಿನ ಮೇಲೇ ಕಣ್ಣಿಟ್ಟು. "ಒಂದು ಮಾತೂ ಬೈಯ್ಲಿಲ್ಲ. ಆಮೇಲೆ ಯಾರೇ ಹೊಸಬರು ಬರ್ಲಿ, ನನ್ನನ್ನೇ ಕರೆಯೋರು. 'ಬೀಗ ಯಾಕೆ ಹಾಕ್ಬೇಕು ಅಂತ ಇವರಿಗೆ ನೀನೇ ಹೇಳಿಕೊಡು' ಅನ್ನೋರು. ಪ್ರತಿ ಸಲ ನನ್ನ ಕತೆ ನಾನೇ ಹೇಳ್ಬೇಕು. ಐವತ್ತು ಸಲ ಹೇಳಿರ್ಬೋದು. ಆ ಐವತ್ತು ಜನದಲ್ಲಿ ಒಬ್ಬರಿಗೂ ಇವತ್ತಿನವರೆಗೆ ಏನೂ ಆಗಿಲ್ಲ."

ಸುತ್ತ ನಿಂತಿದ್ದ ನೀಲಿ ಅಂಗಿಗಳಲ್ಲಿ ಹತ್ತಾರು ಜನ ಆ ಐವತ್ತರಲ್ಲಿ ಸೇರಿದವರೇ. 

"ಅಮ್ಮ ಬಾಗಿಲಿಗೆ ಸಿಕ್ತು ಅಂದಿದ್ರು," ಎಂದಳು ಮಗಳು. "ಆ ಬೆರಳು. ಮನೆಗೆ ಬಂದು ಬಾಗಿಲಿಗೆ ಸಿಕ್ತು ಅಂದ್ರು. ನಾನು, ನೋಡಿಕೊಂಡು ಹಾಕ್ಬಾರ್ದಾ ಅಂತ ರೇಗಿದ್ದೆ."

"ನಂಗೆ ಗೊತ್ತಿತ್ತು," ಎಂದ ಟೈಲರ್.

"ಗೊತ್ತಿತ್ತಾ ಅಪ್ಪ?"

"ಸುದ್ದಿ ಹಬ್ಬಿದ್ರೆ ಮತ್ತೆ ವಿಚಾರಣೆ ಶುರು ಆಗತ್ತೆ, ಇವನ ಕೆಲಸ ಹೋಗತ್ತೆ ಅಂದ್ಲು. ಯಾರ ಹತ್ರಾನೂ ಬಾಯಿ ಬಿಡ್ಬೇಡಿ ಅಂದ್ಲು. ನಾನು ಬಿಡ್ಲಿಲ್ಲ."

ಮಗಳು ತನ್ನ ಕೈಯಲ್ಲಿದ್ದ ಪ್ಲಗ್ಗನ್ನು ನೋಡಿದಳು. ಹಿಡಿದ ಬಿಗಿಗೆ ಅದರ ಮೂರು ಪಿನ್ನುಗಳ ಗುರುತು ಅಂಗೈಯಲ್ಲಿ ಮೂಡಿತ್ತು. ಟೈಲರನ ಅಕ್ಕ ಇನ್ನೂ ಹತ್ತಿರ ಬಂದಳು. ಕೊಡೆಯನ್ನು ತನ್ನ ತಲೆಯ ಮೇಲಿಂದ ಸರಿಸಿ ಮೋಟರಿನ ಮೇಲೆ ಹಿಡಿದಳು.

"ನೆನೀತೀರ ಅತ್ತೆ," ಎಂದಳು ಮಗಳು.

"ನಾನು ನೆನೆದ್ರೆ ಏನೂ ಆಗಲ್ಲ. ಮೋಟರಿಗೆ ನೀರು ಬೀಳಬಾರದು, ಅಷ್ಟು ನನಗೂ ಗೊತ್ತು."

ಕೊನೆಯ ಬೋಲ್ಟು ಬಿಗಿಯಾಯಿತು. ಫೋರ್ಮನ್ ಪಂಪಿನೊಳಗೆ ಒಂದು ಚೊಂಬು ನೀರು ಹೊಯ್ದು, ಎದ್ದು, ಕೇಳುವ ಮೊದಲೇ ಎರಡೂ ಕೈ ತೋರಿಸಿದ. ಈ ಸಲ ಮಗಳು ತಾನೇ ಹೋಗಿ ಪ್ಲಗ್ ಹಾಕಿದಳು.

ಡಬ್. ಡಬ್. ಕೊಳವೆ ಬುಸುಗುಟ್ಟಿತು, ಕೆಮ್ಮಿತು. ಯಾರೋ ಏನೋ ಅನ್ನಲು ಹೋದಾಗ ನೀಲಿ ಅಂಗಿಯವನೊಬ್ಬ ತುಟಿಗೆ ಬೆರಳಿಟ್ಟ. ಕಾರ್ಖಾನೆಯವರೆಲ್ಲ ಒಂದೇ ರೀತಿ ತಲೆ ವಾಲಿಸಿ ಕೇಳುತ್ತಿದ್ದರು. ಕೆಲಸ ಬಿಟ್ಟ ಮೇಲೂ ಪಂಪಕ್ಕ ಹೀಗೇ ಕೇಳುತ್ತಿದ್ದಳು. ಏನಾದರೂ ತೊಂದರೆಯೆಂದು ಇವರು ಫೋನು ಮಾಡಿದರೆ, "ಮಾತು ಬೇಡ, ಫೋನು ಪಂಪಿನ ಹತ್ರ ಹಿಡಿ," ಎನ್ನುತ್ತಿದ್ದಳು.

ಟಕ್, ಟಕ್. ಟಕ್, ಟಕ್.

"ಎರಡೂ ಕೂತ್ಕೊಂಡ್ವು," ಎಂದ ಫೋರ್ಮನ್.

ಕೊಳವೆಯ ಇನ್ನೊಂದು ತುದಿ ಬೇಲಿಯ ಬುಡದಲ್ಲಿ ಮೆಲ್ಲಗೆ ತಲೆಯೆತ್ತಿತು. ಮಣ್ಣಿನ ಬಣ್ಣದ ನೀರು ಒಂದು ಗುಟುಕು ಬಂತು, ಮತ್ತೊಂದು ಗುಟುಕು, ಆಮೇಲೆ ಪ್ರತಿ ಬಡಿತಕ್ಕೂ ಒಂದು ಬಿಂದಿಗೆಯಷ್ಟು. ಕಾವಲುಗಾರ ಬೇಲಿಯವರೆಗೆ ಓಡಿ ಹೋಗಿ ನೋಡಿ, ಗುಂಡಿಯವರೆಗೆ ಓಡಿ ಬಂದು ಕೋಲು ಇಳಿಸಿ, "ಗೇಣು ಇಳೀತು!" ಎಂದು ಕೂಗಿದ.

ಮುಕ್ಕಾಲು ಗಂಟೆ ಓಡಿತು. ಅಷ್ಟು ಹೊತ್ತೂ ಫೋರ್ಮನ್ ಕೂರಲಿಲ್ಲ. ಒಂದು ಅಂಗೈಯನ್ನು ಪಂಪಿನ ಮೈಮೇಲಿಟ್ಟು, ಬಿಸಿ ಏರುತ್ತದೆಯೇ, ಅದುರು ಹೆಚ್ಚುತ್ತದೆಯೇ ಎಂದು ನೋಡುತ್ತ ನಿಂತೇ ಇದ್ದ. ಗುಂಡಿಯ ಕಾಲಿನ ಕಡೆಯ ಮೂಲೆಯಲ್ಲಿ ಉದ್ದ ಹಿಡಿಯ ಗುದ್ದಲಿಯಿಂದ ಬಟ್ಟಲಿನಷ್ಟು ಕುಳಿ ಮಾಡಿ ಜಾಲರಿಯನ್ನು ಅದರೊಳಗೆ ಕೂರಿಸಿದರು. ಒಸರಿದ ನೀರೆಲ್ಲ ಅಲ್ಲಿಗೇ ಬಂದು ಅಲ್ಲಿಂದಲೇ ಹೋಯಿತು. ಉಳಿದ ತಳಕ್ಕೆ ಕಾವಲುಗಾರ ಷೆಡ್ಡಿನಿಂದ ಒಣ ಮರಳು ತಂದು ತಾನೇ ಸುರಿದ. ಷೆಡ್ಡಿಗೆ ಈ ಪಂಪು ಕೊಟ್ಟವರಿಗೂ ಅವನು ಇಷ್ಟು ಗೌರವ ತೋರಿಸಿರಲಿಕ್ಕಿಲ್ಲ ಎಂದು ಡ್ರೈವರ್ ಅವನನ್ನು ಛೇಡಿಸಿದ.

ಟೈಲರ್ ಬಗ್ಗಿ ನೋಡಿ, "ಈಗ ಇಳಿಸಿ," ಎಂದ.

ಪೆಟ್ಟಿಗೆ ಹೊರಲು ಬಂದ ಆರು ಜನರಲ್ಲಿ ಐವರ ಕೈಯಲ್ಲಿ ಗ್ರೀಸಿತ್ತು. ಒರೆಸಿಕೊಳ್ಳಲು ಹೋದವರನ್ನು ಟೈಲರ್ ತಡೆದ. "ಇರ್ಲಿ ಬಿಡಿ. ಅವಳಿಗೇನು ಹೊಸದಾ?" ಹಗ್ಗದ ಮೇಲೆ ಪೆಟ್ಟಿಗೆ ಸಮನಾಗಿ ಇಳಿದು, ಮರಳಿನ ಮೇಲೆ ಅಲುಗಾಡದೆ ಕೂತಿತು. ಫೋರ್ಮನ್ ಪಂಪು ನಿಲ್ಲಿಸಿ ಜಾಲರಿ ಮೇಲೆಳೆದ. ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಯಿತೆಂದರೆ 'ಅಮ್ಮಾ' ಎಂದು ಮಗಳು ತುಟಿಯಲ್ಲೇ ಅಂದದ್ದು ಕೊನೆಯ ಸಾಲಿನಲ್ಲಿದ್ದವರಿಗೂ ಕೇಳಿಸಿತು. ಅವಳು ಎರಡೂ ಕೈಯಲ್ಲಿ ಮಣ್ಣು ಎತ್ತಿದಳು. ಒದ್ದೆ ಮಣ್ಣು ಉಗುರಿನ ಸಂದಿಗೆಲ್ಲ ತುಂಬಿತು. ಎಲ್ಲರೂ ಸರದಿಯಲ್ಲಿ ಮಣ್ಣು ಹಾಕಿದರು.

ಮಣ್ಣು ಮುಚ್ಚಿ ಆದಮೇಲೆ ಜನ ಒಬ್ಬೊಬ್ಬರಾಗಿ ಗೇಟಿನ ಕಡೆ ತಿರುಗಿದರು. ಕಾವಲುಗಾರ ಪಂಪನ್ನು ಷೆಡ್ಡಿಗೆ ಎಳೆಯಲು ಬಗ್ಗಿದ.

"ಹಾಗೇ ಇಟ್ಬಿಡ್ಬೇಡಪ್ಪ," ಎಂದ ಫೋರ್ಮನ್. "ಒಳಗಿರೋ ಕೆಸರು ಒಣಗಿದ್ರೆ ಕಲ್ಲಾಗತ್ತೆ. ಒಳ್ಳೆ ನೀರು ಕುಡಿಸಿ ಇಡ್ಬೇಕು. ಒಂದು ಬಕೆಟ್ ಇದೆಯಾ?"

ಬಕೆಟ್ ಮಗಳೇ ಎತ್ತಿಕೊಂಡಳು. ಗೇಟಿನ ಪಕ್ಕದ ನಲ್ಲಿಯಲ್ಲಿ ತುಂಬಿ ತಂದಳು. ಜಾಲರಿಯನ್ನು ಅದರಲ್ಲಿ ಮುಳುಗಿಸಿ ಪಂಪು ಓಡಿಸಿದರೆ ನಾಲ್ಕೇ ಬಡಿತಕ್ಕೆ ಬಕೆಟ್ ಖಾಲಿ. ಇನ್ನೊಂದು ತಂದಳು. ಡ್ರೈವರ್ ವ್ಯಾನಿನಿಂದ ತನ್ನ ಕ್ಯಾನು ಇಳಿಸಿದ. ಟೈಲರನ ಅಕ್ಕ ನೆನೆದ ಸೀರೆಯಲ್ಲೇ ಚೊಂಬಿನಲ್ಲಿ ತಂದು ಸುರಿದಳು. ಬೇಲಿಯ ಬುಡದಲ್ಲಿ ನೀರು ಮೊದಲು ಕೆಸರಾಗಿ ಬಂತು, ಆಮೇಲೆ ಟೀ ಬಣ್ಣ, ಆಮೇಲೆ ಅಕ್ಕಿ ತೊಳೆದ ನೀರಿನ ಬಣ್ಣ.

"ಸಾಕು," ಎಂದ ಫೋರ್ಮನ್. "ತಿಳಿ ಬಂತು."

ಟೈಲರ್ ಕೊಳವೆಯ ಬಾಯಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತ. ಎರಡೂ ಅಂಗೈ ಜೋಡಿಸಿ ನೀರು ಹಿಡಿದು ಬೆಳಕಿಗೆ ತಂದು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಅಂಗೈಯ ಗೆರೆಯೊಳಗೆ ಎರಡು ಕಾಳು ಮರಳು ಕೂತಿತ್ತು. "ಅವಳಾಗಿದ್ರೆ ಇದನ್ನ ತಿಳಿ ಅನ್ತಿರ್ಲಿಲ್ಲ," ಎಂದು ತಲೆ ಅಡ್ಡಕ್ಕೆ ಆಡಿಸಿದ.

ಮಗಳು ಖಾಲಿ ಬಕೆಟ್ ಹಿಡಿದು ಮತ್ತೆ ನಲ್ಲಿಯ ಕಡೆ ನಡೆದಳು. ಗೇಟು ದಾಟಿದ್ದವರೂ ಒಬ್ಬೊಬ್ಬರಾಗಿ ಹಿಂತಿರುಗಿ ಬಂದು, ಕೊಳವೆಯ ಬಾಯಿಯನ್ನೇ ನೋಡುತ್ತ ನಿಂತರು.